ಹಕ್ಕಿ ಕುಳಿತ ಗೇಟು

ಪಂಪಣ್ಣ ಹಗ್ಗದ ಒಳಗೆ ಒಂದು ಕಾಲಿಟ್ಟಿದ್ದ. ಭಾಗಮ್ಮನ ಕೋಲು ಅವನ ಮೊಣಕಾಲಿಗೆ ಅಡ್ಡ ಬಂತು.

“ಕಾಲು ಹಿಂದ ತಗೀರಿ ಸಾವಕಾರ್ರ. ಹಕ್ಕಿ ಕಾವಿಗೆ ಕುಂತದ.”

“ಗೇಟ್ ಇಳಸೂ ದಿನ ಇವತ್ತ. ಹ್ಯಾಂಡಲ್ ನನ್ನ ಕೈಯಾಗದ, ನೋಡು.”

“ಇಳಸ್ರಿ, ಬ್ಯಾಡ ಅಂದವರು ಯಾರು? ಮೊದಲ ಹಕ್ಕೀನ ಒಂದು ಮಾತು ಕೇಳ್ರಿ.”

ಪಂಪಣ್ಣ ಹಕ್ಕಿಯನ್ನು ನೋಡಿದ. ಹಕ್ಕಿ ಪಂಪಣ್ಣನನ್ನು ನೋಡಿತು. ಅವನು ಕಾಲು ಹಿಂದಕ್ಕೆ ತೆಗೆದ.

ಹುಣಸಗಿಯ ಆಚೆ, ಕಾಲುವೆ ಕವಲೊಡೆಯುವಲ್ಲಿ ಆ ಗೇಟಿತ್ತು. ಇಳಿಸಿದರೆ ನೀರೆಲ್ಲ ಮೇಲುಭಾಗದ ಪಂಪಣ್ಣನ ಗದ್ದೆಗಳಿಗೆ. ಎತ್ತಿದರೆ ತಿರುಪಿಗೆ ಸಿಕ್ಕಿಸಿದ ಅದರ ಕಬ್ಬಿಣದ ಬಾಗಿಲು ಕಟ್ಟೆಯ ಅಡಿಯಲ್ಲಿ ಮರೆಯಾಗಿ, ಕೊನೆಯಂಚಿನ ಭಾಗಮ್ಮನವರ ಗದ್ದೆಗಳಿಗೂ ನೀರು ಹರಿಯುತ್ತಿತ್ತು. ಹಿಂದೊಮ್ಮೆ ಚಕ್ರ ತಿರುಗಿಸುವ ಹ್ಯಾಂಡಲ್ ಕಳೆದುಹೋಗಿ, ಹೊಸದು ಬರುವಷ್ಟರಲ್ಲಿ ಕೆಳಭಾಗದವರು ಒಂದು ಬೆಳೆಯನ್ನೇ ಕೊಯ್ದು ಮುಗಿಸಿದ್ದರು. ಅಂದಿನಿಂದ ಪಂಪಣ್ಣ ಹ್ಯಾಂಡಲನ್ನು ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ.

ಈ ಸಲ ಗೇಟು ಎತ್ತಿದ್ದಾಗ ಹಳದಿ ಟಿಟ್ಟಿಭವೊಂದು ಬಂದು, ಕಟ್ಟೆಯ ಮೇಲಿನ ಮೊರಂ ಕಲ್ಲುಗಳ ನಡುವೆ, ಚಕ್ರದ ಬುಡದಲ್ಲೇ ತತ್ತಿ ಇಟ್ಟಿತು. ಒಣನೆಲದ ಹಕ್ಕಿ. ಕಾಲುವೆ ಬಂದು ನೆಲ ಹಸಿಯಾದ ಮೇಲೆ ಈ ಊರುಗಳಲ್ಲಿ ಅದು ಕಾಣುವುದೇ ಅಪರೂಪ.

ಸುರಪುರದ ನಿವೃತ್ತ ಶಿಕ್ಷಕ ಈಶಪ್ಪ ಮಾಸ್ತರರು ದುರ್ಬೀನಿನೊಂದಿಗೆ ಬಂದರು. ಹಕ್ಕಿ ನೋಡುವುದನ್ನು ಅವರು ವ್ರತದಂತೆ ನಡೆಸುತ್ತಿದ್ದರು. ಕಟ್ಟೆಯ ಸುತ್ತ ಹಗ್ಗ ಕಟ್ಟಿಸಿದರು. ಒಳಗೆ ಯಾರೂ ಕಾಲಿಡುವಂತಿಲ್ಲ. ಗಟ್ಟಿಯಾಗಿ ಮಾತಾಡುವಂತಿಲ್ಲ. ನಾಯಿ ತರುವಂತಿಲ್ಲ. ಮರಿಗಳು ಹೊರಡುವವರೆಗೆ ಚಕ್ರ ತಿರುಗುವಂತಿಲ್ಲ. ಗೇಟು ನೋಡಿಕೊಳ್ಳುವ ಇಲಾಖೆಯವರು ಕೂಡಲೇ ಒಪ್ಪಿದರು. ಮಾಡದೆ ಬಿಡುವ ಕೆಲಸಕ್ಕೆ ಒಪ್ಪಿಗೆ ಬೇಗ ಸಿಗುತ್ತದೆ. ಕಾವಲಿಗೆ ಭಾಗಮ್ಮ ತಾನೇ ಮುಂದೆ ಬಂದಳು.

ಹಗ್ಗವಿದ್ದದ್ದು ಕಟ್ಟೆಯ ಮೇಲೆ. ಕೆಳಗೆ ನೀರಿಗಿಳಿದು ಪಾತ್ರೆ ತೊಳೆಯುವುದಕ್ಕೆ ನಿಷೇಧವಿರಲಿಲ್ಲ.

“ಮಾಸ್ತರ್ರ, ಮರಿ ಎಷ್ಟು ದಿನ ಗೂಡಿನ್ಯಾಗ ಇರ್ತಾವ್ರಿ?” ಎಂದು ಭಾಗಮ್ಮ ಒಂದು ಸಂಜೆ ಕೇಳಿದಳು.

“ಇರಂಗಿಲ್ಲವ್ವ. ತತ್ತಿ ಒಡದು ಮೈ ಆರಿತಂದ್ರ ನಡ್ಕೋಂತ ಹೋಗಿಬಿಡ್ತಾವ.”

ಅವಳ ಮುಖ ಸಪ್ಪಗಾಯಿತು. “ಅಷ್ಟು ಲಗೂನ? ನಮ್ಮ ನೆಲ್ಲು ಇನ್ನಾ ಹಾಲುಗಾಳದಾವ್ರಿ. ಇನ್ನೊಂದ್ಸಲ ತತ್ತಿ ಇಡು ಅಂತ ಇದಕ್ಕ ಹೇಳಾಕ ಬರಂಗಿಲ್ಲೇನ್ರಿ?”

“ಹಕ್ಕಿಗೆ ಜುಲುಮಿ ಮಾಡಬಾರ್ದು,” ಎಂದರು ಮಾಸ್ತರರು ಗಂಭೀರವಾಗಿ. “ಅದೂ ಒಂದು ಕಾಯ್ದೆ.”

ಲೆಕ್ಕ ಸರಳವಾಗಿತ್ತು. ಕಾವು ಮುಗಿದರೆ ಗೇಟು ಇಳಿಯುತ್ತದೆ. ಗೇಟು ಇಳಿದರೆ ಕೆಳಭಾಗದ ಕಾಳು ಜೊಳ್ಳಾಗುತ್ತದೆ.

ಮರುದಿನ ಕಟ್ಟೆಯ ಕೆಳಗೆ ಪಾತ್ರೆ ತೊಳೆಯಲು ಬಂದ ಹೆಂಗಸರು ಹೆಚ್ಚಿದ್ದರು. ಹೊತ್ತೂ ಹೆಚ್ಚು ಹಿಡಿಯಿತು. ಅಷ್ಟು ಜನರಿದ್ದರೂ ಒಂದು ಮಾತಿಲ್ಲ, ಒಂದು ಸದ್ದಿಲ್ಲ. ಹಕ್ಕಿ ಕತ್ತು ಕೂಡ ಹೊರಳಿಸಲಿಲ್ಲ. “ಶಿಸ್ತು ಅಂದ್ರ ಇದು ನೋಡ್ರಿ,” ಎಂದರು ಮಾಸ್ತರರು, ಕಣ್ಣಿನಿಂದ ದುರ್ಬೀನು ಇಳಿಸದೆ.

ಸುದ್ದಿ ಹಬ್ಬಿತು. ಶಹಾಪುರ, ಯಾದಗಿರಿಗಳಿಂದ ಜನ ಬಂದು ಹಗ್ಗದಾಚೆ ಪಿಸುಮಾತಾಡುತ್ತ ನಿಂತರು. ಬಂದವರನ್ನು ಭಾಗಮ್ಮ ಹಸಿದ ಹೊಟ್ಟೆಯಲ್ಲಿ ಕಳಿಸಲಿಲ್ಲ. ದೂರದ ಬೇವಿನ ಮರದಡಿ, ಹೊಗೆ ಹಕ್ಕಿಯತ್ತ ಹೋಗದಂತೆ ಒಲೆ ಹೂಡಿ, ಕೆಳಭಾಗದ ಹೆಂಗಸರು ಸುತ್ತಲೂ ಕುಳಿತು ಜೋಳದ ರೊಟ್ಟಿ ಬೇಯಿಸಿದರು. ಅಷ್ಟೂ ಜನಕ್ಕೆ ಒಂದೇ ಹಂಚು ಸಾಕಾಯಿತು.

ಪಂಪಣ್ಣ ದಿನವೂ ಹ್ಯಾಂಡಲನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂರುತ್ತಿದ್ದ. ಅವನಿಗೆ ಅನುಮಾನ ಹುಟ್ಟಿತ್ತು.

“ಮಾಸ್ತರ್ರ, ಅವು ತತ್ತಿ ಅಲ್ರಿ, ಕಲ್ಲು. ಈಕಿ ಚುಕ್ಕಿ ಬಡದು ಇಟ್ಟಾಳ.”

“ಹಂಗಿದ್ರ ಹಕ್ಕಿಗೆ ಗೊತ್ತಾಗಂಗಿಲ್ಲೇನು?”

“ಹಕ್ಕೀನೂ ಕೆಳಭಾಗದ್ದೇ ಇರಬೇಕ್ರಿ!”

ಪಂಪಣ್ಣ ದುರ್ಬೀನು ಇಸಿದುಕೊಂಡು ತತ್ತಿಗಳನ್ನೇ ನೋಡಿದ. ಊಟ ಮಾಡುವಾಗಲೂ ಕಣ್ಣು ತೆಗೆಯಲಿಲ್ಲ. ರೊಟ್ಟಿಯನ್ನು ಬೆರಳಿನಿಂದ ತಡವಿ ಮುರಿಯುತ್ತಿದ್ದ.

“ರೊಟ್ಟಿ ಛಲೋ ಆಗ್ಯಾವ ಬಿಡು. ಆದ್ರ ಇದೇನಬೇ, ಮ್ಯಾಲ ಗೀರು ಗೀರು ಹತ್ತಾಕತ್ತದ?”

“ಹಳೇ ಕಬ್ಬಿಣ್ರಿ ಸಾವಕಾರ್ರ. ಈಗಿನ ಹಂಚಿಗೆ ಈ ಗಟ್ಟಿತನ ಎಲ್ಲಿಂದ ಬರಬೇಕು?”

ಒಂದು ಮುಂಜಾನೆ ತತ್ತಿಗಳು ಬಿರಿದವು. ಕಲ್ಲಾಗಿರಲಿಲ್ಲ. ಮಾಸ್ತರರು ಪಂಪಣ್ಣನನ್ನು ದುರುಗುಟ್ಟಿ ನೋಡಿದರು. ಅವನು ಎದ್ದು ನಿಂತು ಹಕ್ಕಿಗೆ ಕೈಮುಗಿದ. “ತಪ್ಪಾತ್ರಿ,” ಎಂದ. ಹಕ್ಕಿ ಮರಿಗಳನ್ನು ರೆಕ್ಕೆಯಡಿಗೆ ಸೇರಿಸಿಕೊಂಡಿತು.

ಊಟದ ಹೊತ್ತಿಗೆ ಮರಿಗಳು ತಾಯಿಯ ಹಿಂದೆ ಹಗ್ಗದಡಿ ನುಸುಳಿ, ಒಣ ಬೀಳಿನತ್ತ ನಡೆದುಹೋದವು. ಅವು ಕಣ್ಮರೆಯಾಗುವವರೆಗೆ ಮಾಸ್ತರರು ಒಬ್ಬರನ್ನೂ ಅಲುಗಾಡಲು ಬಿಡಲಿಲ್ಲ. ಆಮೇಲೆ ತಾವೇ ಹಗ್ಗ ಬಿಚ್ಚಿದರು.

ಪಂಪಣ್ಣ ಉಳಿದ ರೊಟ್ಟಿಯನ್ನು ಬಾಯಿಗೆ ತುರುಕಿ ಕಟ್ಟೆ ಹತ್ತಿದ. ಭಾಗಮ್ಮ ತಡೆಯಲಿಲ್ಲ; ಬೇವಿನ ಮರದಡಿ ಹೋಗಿ ಇನ್ನೊಂದು ಉಂಡೆ ಹಿಟ್ಟು ತಟ್ಟತೊಡಗಿದಳು. ಹ್ಯಾಂಡಲ್ ಕೂತಿತು. ಚಕ್ರ ಎಂದಿಗಿಂತ ಹಗುರವಾಗಿ ತಿರುಗಿತು. ತಿರುಪು ಇಳಿಯಿತು. ಪೂರ್ತಿ ಇಳಿಯಿತು. ನೀರು ಕೆಳಭಾಗಕ್ಕೆ ಹರಿಯುತ್ತಲೇ ಇತ್ತು.

ಅವನು ಹೊಟ್ಟೆಯ ಮೇಲೆ ಮಲಗಿ ಕಟ್ಟೆಯಡಿಗೆ ಬಗ್ಗಿ ನೋಡಿದ. ತಿರುಪಿನ ತುದಿಯಲ್ಲಿ ಏನೂ ಇರಲಿಲ್ಲ.

“ಬಾಗಿಲಾ ಎಲ್ಲದಬೇ?” ಎಂದು ಚೀರಿದ.

“ಮೊದಲ ಬಿಸೀದು ಉಣ್ರಿ ಸಾವಕಾರ್ರ,” ಎಂದು ಭಾಗಮ್ಮ ರೊಟ್ಟಿ ತಂದು ಅವನ ಕೈಗಿಟ್ಟಳು.

ಕಂದು ಬಣ್ಣಕ್ಕೆ ಬೆಂದ ಆ ರೊಟ್ಟಿಯ ಮೇಲೆ ಗೇಟಿನ ನಂಬರು ತಿರುಗುಮುರುಗಾಗಿ, ಸ್ಪಷ್ಟವಾಗಿ ಅಚ್ಚೊತ್ತಿತ್ತು.