ಸಾವಕಾಶ

ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ ವಿಜಾಪುರದ ಶಾಂಭವಿ ಎರಡನೆಯವಳಾಗಿದ್ದಳು. ಗೆದ್ದರೆ ರಾಜ್ಯ ತಂಡದಲ್ಲಿ ಜಾಗ. ಬೊಮ್ಮಸಂದ್ರದ ಹೊಸ ಟ್ರ್ಯಾಕಿನ ಗೋಡೆಯಂಥ ಇಳಿಜಾರಿಗೆ ಮಗಳು ಬ್ರೇಕೇ ಇಲ್ಲದ ಸೈಕಲ್ ಹತ್ತಿಸಿದ್ದು ಕಂಡು ದುರ್ಗವ್ವ ಗ್ಯಾಲರಿಯಲ್ಲಿ ಧಡಕ್ಕನೆ ಎದ್ದು ನಿಂತಳು. ದಿನಾ ಬಾಗಿಲಲ್ಲಿ ನಿಂತು ಕೂಗುವಂತೆಯೇ ಕೂಗಿಬಿಟ್ಟಳು: “ಸಾವಕಾಶ, ಯವ್ವಾ! ಸಾವಕಾಶ!”

ಶಿಫ್ಟ್ ಮುಗಿಸಿ ಬಂದು ಗ್ಯಾಲರಿ ತುಂಬಿದ್ದ ಹುಡುಗರು ಕಿವಿ ನಿಮಿರಿಸಿದರು. “ವಿಜಾಪುರದೋರ ಜೈಕಾರ ಕಣೋ ಮಗಾ, ಕೂಗು!” ಎಂದ ಒಬ್ಬ. ಗ್ಯಾಲರಿಯೇ ಗುಡುಗಿತು: “ಸಾವಕಾಶ! ಸಾವಕಾಶ!”

“ಅಯ್ಯ, ನಿಧಾನಕ್ಕ ಹೋಗು ಅಂದೆನ್ರೋ ಯಪ್ಪಾ!” ಎಂದ ದುರ್ಗವ್ವನ ಮಾತು ಯಾರಿಗೂ ಕೇಳಿಸಲಿಲ್ಲ.

ತಿರುವಿನಲ್ಲಿ ಶಾಂಭವಿ ನಕ್ಕಿದ್ದು ಅವ್ವನಿಗೆ ಕಂಡಿತು. ನಗುತ್ತಲೇ ಅವಳು ಮೇಲಿನಿಂದ ನುಗ್ಗಿ ಮುಂದಿದ್ದವಳನ್ನು ಹಿಂದೆ ಹಾಕಿದಳು. ದುರ್ಗವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದಳು: “ಸಾವಕಾಶ!”