ಅಂಗೈಯ ಕಾವು

“ಫ್ಲೇಮ್ ಅಂದ್ರೆ ಜ್ವಾಲೆ. ಬ್ಲೇಜ್ ಅಂದ್ರೆ ಧಗಧಗ ಉರಿಯೋದು. ಇನ್‌ಫರ್ನೋ ಅಂದ್ರೆ…” ನಾಳೆಯ ಇಂಗ್ಲಿಷ್ ಟೆಸ್ಟಿಗೆ ‘ಫೈರ್’ ಪದದ ಸಮಾನಾರ್ಥಕಗಳನ್ನು ಗಟ್ಟಿಯಾಗಿ ಓದುತ್ತಿದ್ದ ಅನು, ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಅಮ್ಮನ ಕೈ ನಿಂತಿದ್ದನ್ನು ಕಂಡು ಸುಮ್ಮನಾದಳು. ಬೆಂಕಿಗೆ ಎಷ್ಟು ಹೆಸರಿದ್ದರೂ ಸುಮಾಳಿಗೆ ಕಾಣುತ್ತಿದ್ದುದು ಗಂಡ ಮಹದೇವ್ ಒಳಗೇ ಉಳಿದುಹೋದ, ಹೊತ್ತಿ ಉರಿದ ನಾಯಂಡಹಳ್ಳಿಯ ಆ ಗೋಡೌನ್ ಒಂದೇ.

ಅಷ್ಟರಲ್ಲಿ ಅತ್ತೆ ಮುನಿತಾಯಮ್ಮ ದೇವರಕೋಣೆಯಿಂದ ಮಂಗಳಾರತಿ ತಟ್ಟೆ ಹಿಡಿದು ಬಂದರು. ಸುಮಾ ಗೋಡೆಯ ಕಡೆ ತಿರುಗಿದಳು. ಮಹದೇವ್ ಹೋದಮೇಲೆ ಅವಳು ಆರತಿಗೆ ಕೈ ಒಡ್ಡಿದ್ದೇ ಇಲ್ಲ. ಅತ್ತೆಯೂ ಬಲವಂತ ಮಾಡಿರಲಿಲ್ಲ. ಮಗನನ್ನು ಕಳೆದುಕೊಂಡ ಅವರೂ ಆ ಉರಿಯನ್ನು ನೇರವಾಗಿ ನೋಡುತ್ತಿರಲಿಲ್ಲ.

“ಅಜ್ಜಿ, ಇದನ್ನೂ ಫೈರ್ ಅಂತಾನೇ ಬರೀಬೋದಾ?” ಅನು ಮೆಲ್ಲಗೆ ಕೇಳಿದಳು.

“ಇದನ್ನ ಯಾರೂ ಬೆಂಕಿ ಅನ್ನಲ್ಲ ಕಣೇ. ಮಂಗಳಾರತಿ. ತಗೋ.”

ಅನು ಉರಿಯ ಮೇಲೆ ಎರಡೂ ಅಂಗೈ ಹಿಡಿದಳು. ತನ್ನ ಕಣ್ಣಿಗೆ ಒತ್ತಿಕೊಳ್ಳಲಿಲ್ಲ. ಕಾವು ಆರದಂತೆ ಮುಷ್ಟಿ ಕಟ್ಟಿಕೊಂಡು ಅಮ್ಮನ ಮುಂದೆ ಬಂದು ಕೂತು, ಅಂಗೈ ಬಿಚ್ಚಿ ಅವಳ ಕಣ್ಣುಗಳ ಮೇಲೆ ಇಟ್ಟಳು. ಅನು ಜ್ವರ ಬಂದು ಮಲಗಿದಾಗಲೆಲ್ಲ ಅವಳಪ್ಪ ಆರತಿಯನ್ನು ಹೀಗೇ ತಂದು ಮುಟ್ಟಿಸುತ್ತಿದ್ದ.

ಸುಮಾ ಆ ಪುಟ್ಟ ಕೈಗಳನ್ನು ಹಾಗೇ ಒತ್ತಿ ಹಿಡಿದುಕೊಂಡಳು. ಕಾವು ಆರುವವರೆಗೂ ಬಿಡಲಿಲ್ಲ.

“ಅತ್ತೆ,” ಅಂದಳು ಆಮೇಲೆ, “ತಟ್ಟೆ ಈ ಕಡೆ ತನ್ನಿ.”