ಗಾದಿಯ ಮೇಲಿನ ರುಮಾಲು

ಮೆಣಸಿನಕಾಯಿ ಅಂಗಡಿಯ ಗಾದಿಯಿಂದ ಏಳಹೋದ ಸಾವ್ಕಾರ ಕರಬಸಪ್ಪ ಹಾಗೇ ಕುಸಿದು ಕೂತ. ಎಡಗಾಲು ತನ್ನದಲ್ಲವೆಂಬಂತೆ ಜೋಮು ಹಿಡಿದಿತ್ತು. ಹೆಗಲ ಮೇಲಿನ ಮೆಣಸಿನಕಾಯಿ ಚೀಲ ಇಳಿಸಿ ಓಡಿಬಂದ ಮುದಿ ಹಮಾಲ ಮೈಲಾರೆಪ್ಪ, ಕಾಲು ಎತ್ತಿ ಚೀಲದ ಮೇಲಿಟ್ಟ. ಬಾತ ಪಾದದ ಮೇಲೆ ಅವನ ಬೆರಳಿನ ಕುಳಿ ಹಾಗೇ ಉಳಿಯಿತು.

“ಡಾಕ್ಟರು ಏನಂದಾರ್ರಿ ಸಣ್ಣ ಸಾವ್ಕಾರ್ರ?” ಐವತ್ತೆಂಟು ತುಂಬಿದರೂ ಕರಬಸಪ್ಪ ಮೈಲಾರೆಪ್ಪನಿಗೆ ಸಣ್ಣ ಸಾವ್ಕಾರನೇ.

“ಅರ್ಧ ತಾಸಿಗೊಮ್ಮೆ ಎದ್ದು ಅಡ್ಡಾಡ್ರಿ ಅಂದಾರ. ಹಿಂಗ ಕುಂತರ ರಕ್ತ ಕಾಲಾಗ ಹೆಪ್ಪುಗಟ್ಟಿ ಎದಿಗೆ ಏರತೈತಂತ.”

“ಮತ್ತ ಏಳಾಕೇನ ಅಡ್ಡಿರಿ?”

“ಅಪ್ಪ ಸಾಯೂಮುಂದ ಕೈ ಹಿಡದು ಅಂದಿದ್ದು ಒಂದ ಮಾತು. ‘ಪ್ಯಾಟಿ ನಡೆಯೂಮುಂದ ಗಾದಿ ಖಾಲಿ ಬಿಡಬ್ಯಾಡ, ಲಕ್ಷ್ಮಿ ಜಾಗ ಅದು’ ಅಂತ. ಹದಿನಾಲ್ಕು ವರ್ಷ ಬಿಟ್ಟಿಲ್ಲ. ಉಣ್ಣೂದೂ ಇಲ್ಲೇ.”

ಮೈಲಾರೆಪ್ಪ ಗೋಡೆಯತ್ತ ನೋಡಿದ. ದೊಡ್ಡ ಸಾವ್ಕಾರರ ಫೋಟೋ. ಅದರ ಪಕ್ಕದ ಗೂಟಕ್ಕೆ ಅವರು ತಲೆಗೆ ಸುತ್ತುತ್ತಿದ್ದ ರುಮಾಲು. ದಿನಾ ಅದಕ್ಕೂ ಊದಿನಕಡ್ಡಿ.

“ಆವಾಗ ನೀವು ರಾಣೆಬೆನ್ನೂರಾಗ ಮಾಸ್ತರಿಕಿ ಮಾಡ್ಕೋತ ಇದ್ರಿ, ನೋಡಿಲ್ಲ. ದೊಡ್ಡ ಸಾವ್ಕಾರ್ರು ಗಾದಿ ಮ್ಯಾಲೆ ಎಲ್ಲಿ ಕುಂದರತಿದ್ರು? ಬಂದಕೂಡ್ಲೆ ರುಮಾಲು ತಗದು ಗಾದಿ ಮ್ಯಾಲೆ ಇಡೂದು, ಕೈ ಮುಗಿಯೂದು. ‘ನೀ ಕುಂದ್ರವ್ವಾ ತಾಯಿ, ನಾ ಅಡ್ಡಾಡಿ ಬರ್ತೇನಿ’ ಅಂದು ರಾಶಿ ರಾಶಿಗೆ ಕೈಹಾಕ್ಕೋತ ಸಂಜೀತನಕ ತಿರಗೂದು. ಈ ಗಾದಿ ತಗ್ಗು ಬಿದ್ದದ್ದು ನಿಮ್ಮ ಕಾಲದಾಗರಿ.”

ಕರಬಸಪ್ಪ ಗಾದಿಯ ತಗ್ಗನ್ನು ಅಂಗೈಯಿಂದ ಸವರಿ ನೋಡಿದ.

“ಇಷ್ಟ ವರ್ಷ ಯಾಕ ಹೇಳಲಿಲ್ಲಪಾ?”

“ನೀವು ಕೇಳಲಿಲ್ಲ. ಗಾದಿ ಮ್ಯಾಲೆ ಕುಂತವರಿಗೆ ಹಮಾಲ ಹೆಂಗ ಹೇಳೂದ್ರಿ?”

ಮಧ್ಯಾಹ್ನ ಗಂಡನಿಗೆ ಬುತ್ತಿ ತಂದ ನೀಲಗಂಗವ್ವ ಅಂಗಡಿಯ ಹೊಸ್ತಿಲಲ್ಲೇ ನಿಂತುಬಿಟ್ಟಳು. ಗಾದಿಯ ಮೇಲೆ ಗಂಡನಿಲ್ಲ, ಮಾವನ ರುಮಾಲು ಮಾತ್ರ ಕೂತಿದೆ. ಬೆಳಿಗ್ಗೆಯೇ ಕಾಲು ಭಾರ ಅನ್ನುತ್ತಿದ್ದರಲ್ಲ! ಏನಾದರೂ ಆಗಿಹೋಯಿತೇ?

ಅಷ್ಟರಲ್ಲಿ ಮೆಣಸಿನಕಾಯಿ ರಾಶಿಗಳಾಚೆಯಿಂದ ಗಂಡನ ಸೀನು ಕೇಳಿತು. ಒಂದಲ್ಲ, ಸಾಲಾಗಿ ನಾಲ್ಕು. ಹಿಂದೆಯೇ ಮೈಲಾರೆಪ್ಪನ ನಗು: “ಹದಿನಾಲ್ಕು ವರ್ಷದ ಮ್ಯಾಲೆ ರಾಶಿ ನಿಮ್ಮ ಗುರುತು ಹಿಡೀತ್ರಿ!”

ನೀಲಗಂಗವ್ವ ಕಣ್ಣೊರೆಸಿಕೊಂಡಳು. ಬುತ್ತಿಯನ್ನು ರುಮಾಲಿನ ಮುಂದಿಟ್ಟು, ತಲೆಯ ಮೇಲೆ ಸೆರಗೆಳೆದು ಕೈ ಮುಗಿದಳು.